ಕೊರಮೀನಿಗೆ ಕಪ್ಪೆ: ಬಾಸ್ ಸಾಮಾನು, ನಮ್ಮ ಕೆರೆಯ ಲೆಕ್ಕ

ಮೀನು ಹಿಡಿಯುವ ರಾಡ್ ಕೈಗೆ ಬಂದು ಒಂದೆರಡು ವರ್ಷ ಆಗಿದೆ. ಎಸೆಯೋದು ಗೊತ್ತಾಗಿದೆ. ಗಾಳ ಕೂರಿಸಿದ ರಬ್ಬರ್ ಕಪ್ಪೆಗೆ ಕೊರಮೀನು (ಇಂಗ್ಲಿಷಿನಲ್ಲಿ ಮರ್ರೆಲ್) ಹೊಡೆಯುತ್ತದೆ, ಎದೆ ಧಸಕ್ ಅನ್ನುತ್ತದೆ, ಎಳೆದರೆ ಬರೀ ಕಪ್ಪೆ ಹಾರಿ ಮುಖದ ಹತ್ತಿರ ಬರುತ್ತದೆ. ಹತ್ತು ಹೊಡೆತಕ್ಕೆ ಎರಡು ಮೀನೂ ದಡ ಸೇರಲ್ಲ. ಈ ಹಂತದಲ್ಲಿ ಇರುವವರಿಗೆ ಬರೆಯುತ್ತಿದ್ದೇನೆ. ನಾನೂ ಈ ಹಂತದಲ್ಲಿ ಮೂರು ವರ್ಷ ಇದ್ದೆ.

ಕೊಪ್ಪಳ ಜಿಲ್ಲೆಯ ಕಾರಟಗಿಯಲ್ಲಿ ನನ್ನದು ಮೋಟಾರ್ ವೈಂಡಿಂಗ್ ಅಂಗಡಿ. ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಿಟ್ಟ ಮೇಲೆ ಪಂಪುಸೆಟ್ ಕೆಲಸ ಕಡಿಮೆ. ಬೆಳಗಿನ ಎರಡು ತಾಸು ನನ್ನದೇ. ಗದ್ದೆಯ ಬಸಿನೀರು ನಿಲ್ಲುವ ಹಳ್ಳ, ಊರ ಕೆರೆ, ತಾವರೆ ಮುಚ್ಚಿದ ಹೊಂಡ, ಇವೇ ನನ್ನ ಜಾಗಗಳು.

ನಾವು ಬಳಸುವ ಸಾಮಾನೆಲ್ಲ ಅಮೆರಿಕದವರು ಲಾರ್ಜ್‌ಮೌತ್ ಬಾಸ್ ಅನ್ನೋ ಅಲ್ಲಿನ ಮೀನು ಹಿಡಿಯೋಕೆ ಅಂತ ತಿದ್ದಿ ತಿದ್ದಿ ಮಾಡಿಕೊಂಡದ್ದು. ಪೊಳ್ಳು ಹೊಟ್ಟೆಯ ಕಪ್ಪೆ, ಗಟ್ಟಿ ರಾಡು, ಬೇಟ್‌ಕಾಸ್ಟರ್ ರೀಲು (ರಾಡಿನ ಮೇಲೆ ಕೂರುವ, ದಾರ ಸುತ್ತುವ ಉರುಳೆ), ಬ್ರೇಡ್ ಅನ್ನೋ ಹೆಣೆದ ದಾರ, ಎಲ್ಲವೂ. ನಮ್ಮ ಹಳ್ಳ ಕೆರೆಗಳಲ್ಲಿ ಬಾಸ್ ಇಲ್ಲ. ಆದರೆ ಬಾಸ್ ಇಷ್ಟಪಡುವಂಥ ಜಾಗವನ್ನೇ ಕೊರಮೀನೂ ಇಷ್ಟಪಡುತ್ತದೆ. ಎಲೆಯ ನೆರಳು, ಆಪಿನ ಅಂಚು, ಹೊಂಚು ಹಾಕಿ ಕೂರುವ ಮೂಲೆ. ಹಾಗಾಗಿ ಸಾಮಾನು ಹೊಂದುತ್ತದೆ. ಬಾಸ್ ವಿಡಿಯೋ ನೋಡಿ ಕಲಿತವರು ಎಡವುವುದು ಬೇರೆ ಕಡೆ. ಬಾಸ್ ನೀರೊಳಗೇ ಉಸಿರಾಡುತ್ತದೆ. ಕೊರಮೀನು ಗಾಳಿ ನುಂಗೋಕೆ ಮೇಲೆ ಬರಲೇಬೇಕು, ಬರದಿದ್ದರೆ ಸಾಯುತ್ತದೆ. ಅಂದರೆ ತಾನು ಎಲ್ಲಿದ್ದೇನೆ ಅಂತ ಅದೇ ಬಂದು ಹೇಳಿ ಹೋಗುತ್ತದೆ. ಬಾಸ್ ಹಿಡಿಯುವವರಿಗೆ ಈ ಭಾಗ್ಯ ಇಲ್ಲ. ನಮಗಿದೆ, ನಾವು ಬಳಸಲ್ಲ. ಕೆರೆ ಮುಟ್ಟಿದ ಕೂಡಲೇ ಎಸೆಯೋಕೆ ಶುರು ಮಾಡುತ್ತೇವೆ.

ಅದಕ್ಕೆ ಮೊದಲ ಕೆಲಸ ಕೂರೋದು. ರಾಡನ್ನ ಮರಕ್ಕೆ ಒರಗಿಸಿ ಇಪ್ಪತ್ತು ನಿಮಿಷ ಸುಮ್ನೆ ಕೂತುಕೊಳ್ಳಿ. ದಡದಲ್ಲಿ ಓಡಾಡಬೇಡಿ, ಕಾಲಿನ ಸದ್ದು ನೀರಿಗೆ ಇಳಿಯುತ್ತದೆ. ಜಿಲೇಬಿ ಮೀನಿನ (ತಿಲಾಪಿಯಾ) ಸದ್ದು ಬೇರೆ: ಪಟ್ ಪಟ್ ಅಂತ ಒಂದರ ಹಿಂದೆ ಒಂದು, ಗುಂಪಲ್ಲಿ, ನೀರು ಚಿಮ್ಮಿಸುತ್ತಾ. ಕೊರಮೀನು ಹಾಗಲ್ಲ. ಮೊದಲು ಒಂದು ತಾವರೆ ಎಲೆಯ ಅಂಚು ಒಂದು ಬೆರಳಷ್ಟು ಏಳುತ್ತದೆ. ಗಾಳಿ ಇರೋದಿಲ್ಲ, ಪಕ್ಕದ ಎಲೆ ಅಲುಗಿರೋದಿಲ್ಲ. ಆಮೇಲೆ ಮೂಗಿನ ತುದಿ ಕಾಣುತ್ತದೆ, ಕಪ್ಪಗೆ, ಹೆಬ್ಬೆರಳ ಗಾತ್ರ. ‘ಗುಳಕ್’ ಅಂತ ಒಂದೇ ಸದ್ದು. ನೀರು ದುಂಡಗೆ ಒಂದು ಸುತ್ತು ತಿರುಗುತ್ತದೆ. ಅದರ ಹಿಂದೆಯೇ ಎರಡೋ ಮೂರೋ ಗುಳ್ಳೆ ಬಂದು ಎಲೆ ಕೆಳಗೆ ಸಿಕ್ಕಿಕೊಳ್ಳುತ್ತವೆ. ಅಷ್ಟೇ. ಕಣ್ಣು ಆ ಕಡೆ ಇರದಿದ್ದರೆ ಗೊತ್ತೇ ಆಗಲ್ಲ.

ಆ ಜಾಗಕ್ಕೆ ಗುರುತು ಇಟ್ಟುಕೊಳ್ಳಿ. ಒಂದು ಮೊಗ್ಗು, ಒಂದು ಒಣ ಕಡ್ಡಿ, ಏನಾದರೂ. ಮತ್ತೆ ಕಾಯಿರಿ. ಸ್ವಲ್ಪ ಹೊತ್ತಿಗೆ ಅದೇ ಸುತ್ತಿನಲ್ಲಿ ಇನ್ನೊಂದು ಸಲ ಎದ್ದರೆ ಅಲ್ಲಿ ಮೀನು ಮನೆ ಮಾಡಿದೆ ಅಂತ ಅರ್ಥ. ನೀರು ಬಿಸಿಯಾದಷ್ಟೂ ಬೇಗ ಬೇಗ ಏಳುತ್ತದೆ. ಹಾಗಾಗಿ ಮಾರ್ಚ್, ಏಪ್ರಿಲ್‌ನಲ್ಲಿ ನಮ್ಮ ಬಿಸಿಲಿಗೆ ಬೇರೆ ಮೀನು ಬಾಯಿ ಮುಚ್ಚಿಕೊಂಡು ಕೂತಾಗಲೂ ಕೊರಮೀನು ಕಪ್ಪೆಗೆ ಬರುತ್ತದೆ. ನಾನು ಒಳ್ಳೇ ಮೀನು ಕಂಡದ್ದು ಬೆಳಿಗ್ಗೆ ಹತ್ತರ ಹೊತ್ತಿಗೂ ಇದೆ. ಒಗ್ಗರಣಿ ಮಿರ್ಚಿ ತಿಂದು ಹೋದರೂ ತಡ ಆಗಲ್ಲ.

ಇನ್ನು ಸಾಮಾನು. ರೀಲಿನ ಬಗ್ಗೆ ಜಾಸ್ತಿ ಹೇಳಲ್ಲ. ಬೇಟ್‌ಕಾಸ್ಟರ್ ಇದ್ದರೆ ಒಳ್ಳೆಯದು, 7ಕ್ಕೆ 1ರ ಸುತ್ತಿನದು, ಅಂದರೆ ಹಿಡಿ ಒಂದು ಸುತ್ತಿದರೆ ಉರುಳೆ ಏಳು ಸುತ್ತುವಂಥದ್ದು. ಇಲ್ಲದಿದ್ದರೆ ರಾಡಿನ ಕೆಳಗೆ ತೂಗುವ 3000 ಸೈಜಿನ ಸ್ಪಿನ್ನಿಂಗ್ ರೀಲೂ ನಡೆಯುತ್ತದೆ. ಡ್ರ್ಯಾಗ್ (ದಾರ ಜಾರದಂತೆ ಹಿಡಿಯುವ ರೀಲಿನ ಬಿಗಿ) ಮಾತ್ರ ಕೈಯಲ್ಲಿ ದಾರ ಎಳೆದರೆ ಕಷ್ಟಪಟ್ಟು ಜಾರುವಷ್ಟು ಬಿಗಿ ಇರಲಿ. ರಾಡು ಏಳು ಅಡಿ ಆಸುಪಾಸು, ಮೀಡಿಯಂ ಹೆವಿ ಅಥವಾ ಹೆವಿ. ತುದಿಯ ಒಂದು ಅಡಿ ಬಾಗಬೇಕು, ಉಳಿದದ್ದು ಲಾಠಿ ಥರ ನಿಲ್ಲಬೇಕು. ಅರೆ ಹಣ ರಾಡಿಗೆ ಹಾಕಿ, ಕಾಲು ಭಾಗ ದಾರಕ್ಕೆ. ನನ್ನ ಲೆಕ್ಕದಲ್ಲಿ ರೀಲು ಕೊನೆಗೆ ಬರುತ್ತದೆ.

ದಾರ 40ರಿಂದ 50 ಪೌಂಡಿನ ಬ್ರೇಡ್. ಇದು ಜಂಬಕ್ಕೆ ಹೇಳುತ್ತಿಲ್ಲ. ಶುರುವಿನಲ್ಲಿ ನಾನು 15 ಪೌಂಡಿನ ನೈಲಾನ್ ಹಾಕುತ್ತಿದ್ದೆ. ಸಿಂಧನೂರು ರಸ್ತೆಯ ಒಂದು ಕ್ಯಾಂಪಿನ (ಆಂಧ್ರದಿಂದ ಬಂದು ನೆಲೆಸಿದ ರೈತರ ಊರು) ಹಿಂದಿನ ಹೊಂಡದಲ್ಲಿ ತೊಡೆ ಗಾತ್ರದ ಮೀನು ಕಪ್ಪೆ ನುಂಗಿ ತಾವರೆ ದಂಟಿನೊಳಗೆ ನುಗ್ಗಿತು. ದಾರ ದಂಟುಗಳಿಗೆ ಸುತ್ತಿಕೊಂಡು ಪಟ್ಟಂತ ಹರಿಯಿತು. ಕಪ್ಪೆ ಬಾಯಲ್ಲೇ ಇತ್ತು. ಗಾಳದ ಎರಡು ಮುಳ್ಳು ಚುಚ್ಚಿಕೊಂಡ ಮೀನು ಮತ್ತೆ ಗಾಳಿಗೆ ಎದ್ದದ್ದನ್ನ ನೋಡಿದೆ. ಆ ದಿನ ರಾತ್ರಿ ನಿದ್ದೆ ಬರಲಿಲ್ಲ. ದಪ್ಪ ದಾರ ಹಾಕೋದು ಮೀನಿನ ಬಾಯಲ್ಲಿ ಗಾಳ ಬಿಟ್ಟು ಬರಬಾರದು ಅಂತ. ಬ್ರೇಡ್ ಗಿಡದ ದಂಟನ್ನ ಕೊಯ್ದುಕೊಂಡು ಬರುತ್ತದೆ, ಹಿಗ್ಗುವುದೂ ಇಲ್ಲ. ಲೀಡರ್, ಅಂದರೆ ತುದಿಗೆ ಜೋಡಿಸುವ ಬೇರೆ ದಾರದ ತುಂಡು, ಬೇಡ. ದಾರ ಮಡಿಸಿ ಹಾಕುವ ಪಾಲೋಮಾರ್ ಗಂಟಿನಲ್ಲಿ ನೇರ ಕಪ್ಪೆಗೇ ಕಟ್ಟಿ. ಬಿಗಿ ಮಾಡುವ ಮುಂಚೆ ಗಂಟಿಗೆ ಎಂಜಲು ಹಚ್ಚಿ. ಪ್ರತಿ ಮೀನಿನ ನಂತರ ಕೊನೆಯ ಒಂದು ಅಡಿ ದಾರವನ್ನ ಉಗುರಲ್ಲಿ ಸವರಿ ನೋಡಿ. ಕೊರಮೀನಿಗೆ ಹಲ್ಲಿದೆ. ಒರಟು ಸಿಕ್ಕರೆ ಕತ್ತರಿಸಿ ಮತ್ತೆ ಕಟ್ಟಿ.

ಈಗ ಕಪ್ಪೆ. ತುಂಬಾ ಜನ ಪ್ಯಾಕೆಟ್ ಒಡೆದು ಹಾಗೇ ಕಟ್ಟಿಬಿಡುತ್ತಾರೆ. ಮೀನು ತಪ್ಪೋದರ ಅರ್ಧ ಕಾರಣ ಇಲ್ಲೇ ಇದೆ. ಸೈಜು 5 ಸೆಂಟಿಮೀಟರ್ ಆಸುಪಾಸು, ತೂಕ 10ರಿಂದ 14 ಗ್ರಾಂ ಸಾಕು. ಬಾಸ್‌ಗೆ ಅಂತ ಬರುವ ದೊಡ್ಡ ಕಪ್ಪೆ ನಮ್ಮ ಒಂದೂವರೆ ಕೆಜಿ ಮೀನಿನ ಬಾಯಿಗೆ ಜಾಸ್ತಿಯಾಗುತ್ತದೆ. ಕಪ್ಪೆಯ ಬೆನ್ನನ್ನ ಎರಡು ಬೆರಳಲ್ಲಿ ಒತ್ತಿ ನೋಡಿ. ಸುಲಭವಾಗಿ ಚಪ್ಪಟೆಯಾಗಿ ಎರಡೂ ಮುಳ್ಳು ಹೊರಗೆ ಬರಬೇಕು. ಗಟ್ಟಿ ಇದ್ದರೆ ಬಿಸಿನೀರಲ್ಲಿ ಐದು ನಿಮಿಷ ಹಾಕಿ, ತೆಗೆದು, ಹಿಸುಕಿ ಹಿಸುಕಿ ಮೆತ್ತಗೆ ಮಾಡಿ.

ಆಮೇಲೆ ಮುಳ್ಳು. ಹೊಸ ಕಪ್ಪೆಯಲ್ಲಿ ಮುಳ್ಳುಗಳು ಮೈಗೆ ಅಂಟಿಕೊಂಡಿರುತ್ತವೆ. ನೋಸ್ ಪ್ಲಯರ್‌ನಲ್ಲಿ ಹಿಡಿದು ಎರಡನ್ನೂ ಹೊರಕ್ಕೆ ಒಂದು ಕೂದಲೆಳೆಯಷ್ಟು ಬಾಗಿಸಿ. ಜೋರು ಮಾಡಬೇಡಿ, ಮುರಿಯುತ್ತದೆ. ಬಾಗಿಸಿದ ಮೇಲೆ ಕಪ್ಪೆಯನ್ನ ಟವೆಲ್ ಮೇಲೆ ಎಳೆಯಿರಿ. ಸುಮ್ನೆ ಎಳೆದರೆ ಸಿಕ್ಕಬಾರದು, ಬೆನ್ನು ಒತ್ತಿ ಎಳೆದರೆ ಸಿಕ್ಕಬೇಕು. ಅಷ್ಟು ಸಾಕು.

ನನ್ನ ಅಂಗಡಿಯಿಂದ ಬಂದ ಒಂದು ಕೆಲಸ ಇದೆ. ವೈಂಡಿಂಗ್ ಮಾಡಿ ಉಳಿದ ತಾಮ್ರದ ತಂತಿಯ ತುಂಡು ನನ್ನಲ್ಲಿ ಬೇಕಾದಷ್ಟು. ಗಾಳದ ಕಾಂಡಕ್ಕೆ, ಮುಳ್ಳು ಬಾಗುವ ಜಾಗದಿಂದ ಸ್ವಲ್ಪ ಮುಂದೆ, ಹತ್ತು ಹನ್ನೆರಡು ಸುತ್ತು ಒತ್ತೊತ್ತಾಗಿ ಸುತ್ತುತ್ತೇನೆ. ಕಪ್ಪೆಯ ಹಿಂಭಾಗ ನೀರಿಗೆ ಇಳಿಯುತ್ತದೆ, ಮೂಗು ಮೇಲೆ ನಿಲ್ಲುತ್ತದೆ. ನಿಜವಾದ ಕಪ್ಪೆಯೂ ಹಾಗೇ ಕೂರೋದು ಅಲ್ವಾ? ಮುಳ್ಳು ನೀರೊಳಗೆ ಇರೋದರಿಂದ ಮೀನು ಕೆಳಗಿಂದ ಹೊಡೆದಾಗ ಮೊದಲು ಅದರ ಬಾಯಿಗೆ ಸಿಗೋದು ಆ ಭಾಗ. ತೀರಾ ಜಾಸ್ತಿ ಸುತ್ತಿದರೆ ಮುಳುಗುತ್ತದೆ, ಬಕೆಟ್ ನೀರಲ್ಲಿ ಬಿಟ್ಟು ನೋಡಿ ಹೆಚ್ಚು ಕಡಿಮೆ ಮಾಡಿಕೊಳ್ಳಿ. ಹಿಂದಿನ ರಬ್ಬರ್ ಕಾಲುಗಳನ್ನ ಬೆರಳುದ್ದಕ್ಕೆ ಕತ್ತರಿಸಿ, ಒಂದು ಕಾಲು ಸ್ವಲ್ಪ ಉದ್ದ ಇರಲಿ. ಉದ್ದ ಕಾಲು ಬಿಟ್ಟರೆ ಮೀನು ಕಾಲನ್ನ ಕಚ್ಚಿ ಬಿಟ್ಟು ಹೋಗುತ್ತದೆ. ಬಣ್ಣದ ಚರ್ಚೆಗೆ ನಾನು ಸಮಯ ಕೊಡಲ್ಲ. ಕೆಳಗಿಂದ ನೋಡುವ ಮೀನಿಗೆ ಆಕಾಶದ ಎದುರು ನೆರಳು ಕಾಣುತ್ತದೆ. ಮಬ್ಬು ಬೆಳಕಿಗೆ ಕಪ್ಪು, ಉಳಿದ ಹೊತ್ತಿಗೆ ಏನಿದೆಯೋ ಅದು.

ಎಸೆಯುವಾಗ ಉಸಿರಾಡಿದ ಜಾಗದ ತಲೆ ಮೇಲೆ ಎಸೆಯಬೇಡಿ. ಐದಾರು ಅಡಿ ಆಚೆ, ಆದರೆ ಎಲೆ ಮೇಲೆ ಬೀಳಲಿ. ನೀರಿಗೆ ನೇರ ಬಿದ್ದರೆ ಧಡ್ ಅನ್ನುತ್ತದೆ, ಎಲೆ ಮೇಲೆ ಬಿದ್ದರೆ ಕಪ್ಪೆ ಹಾರಿ ಕೂತ ಹಾಗೆ. ಅಲೆ ಅಡಗುವವರೆಗೆ ಬಿಡಿ. ರಾಡಿನ ತುದಿ ಕೆಳಗೆ, ಕಪ್ಪೆಯ ಕಡೆಗೆ. ಎಲೆಯಿಂದ ಎಲೆಗೆ ಸಣ್ಣ ಸಣ್ಣ ಜಗ್ಗು. ಎರಡು ಎಲೆ ನಡುವೆ ತಟ್ಟೆಯಷ್ಟು ನೀರಿನ ಕಿಂಡಿ ಬಂತಾ, ಅಲ್ಲಿ ಇಳಿಸಿ ನಿಲ್ಲಿಸಿ. ದಾರ ಸಡಿಲ ಬಿಟ್ಟು ನಿಂತಲ್ಲೇ ಎರಡು ಸಲ ನಡುಗಿಸಿ. ಹೊಡೆತದಲ್ಲಿ ಹೆಚ್ಚಿನವು ಈ ನಿಲುಗಡೆಯಲ್ಲೇ ಬೀಳುತ್ತವೆ. ಮುಂದಿನ ಎಲೆಗೆ ಹೋಗುವ ಅವಸರವನ್ನ ತಡೆದುಕೊಳ್ಳಿ.

ಹೊಡೆತ ಬಿತ್ತು. ನೀರು ಒಡೆಯಿತು, ಕಪ್ಪೆ ಮಾಯ. ಈಗ ಎಳೆಯಬೇಡಿ. ಕಣ್ಣು ನೋಡಿದ ಕೂಡಲೇ ಕೈ ಎದ್ದುಬಿಡುತ್ತದೆ, ತಪ್ಪೋದು ಅದರಿಂದಲೇ. ಮೀನು ಕಪ್ಪೆಯನ್ನ ತುಟಿಯಲ್ಲಿ ಹಿಡಿದಿರುತ್ತದೆ, ಬಾಯೊಳಗೆ ತಿರುಗಿಸಿಕೊಂಡು ಕೆಳಗೆ ತಿರುಗಬೇಕು. ನಾನು ಮನಸ್ಸಲ್ಲಿ ‘ಹುಲಿಗೆಮ್ಮ ತಾಯೀ’ ಅಂತ ಒಂದೇ ಸಲ, ನಿಧಾನಕ್ಕೆ ಹೇಳಿಕೊಳ್ಳುತ್ತೇನೆ. ಹೇಳುತ್ತಲೇ ಸಡಿಲ ದಾರವನ್ನ ಸುತ್ತುತ್ತೇನೆ. ತುದಿಗೆ ಭಾರ ಬಂತಾ? ಆಗ ಎರಡೂ ಕೈಯಲ್ಲಿ, ಹೊಟ್ಟೆಗೆ ರಾಡಿನ ಬುಡ ಒತ್ತಿ, ಮೇಲಕ್ಕೆ ಜೋರಾಗಿ. ಭಾರ ಬರದಿದ್ದರೆ ಎಳೆಯಲೇಬೇಡಿ. ಕಪ್ಪೆ ಮತ್ತೆ ತೇಲಿ ಬಂದರೆ ಅಲ್ಲೇ ಬಿಡಿ, ಹತ್ತು ಎಣಿಸಿ, ಒಮ್ಮೆ ನಡುಗಿಸಿ. ಸಿಟ್ಟಾದ ಕೊರಮೀನು ವಾಪಸ್ ಬರುತ್ತದೆ. ಎರಡನೇ ಹೊಡೆತವೂ ತಪ್ಪಿದರೆ ಕಪ್ಪೆ ತೆಗೆದು, ತೂಕ ಇಲ್ಲದ ಮೆತ್ತನೆ ರಬ್ಬರ್ ಹುಳವನ್ನ ಟೆಕ್ಸಾಸ್ ರಿಗ್‌ನಲ್ಲಿ, ಅಂದರೆ ಗಾಳದ ಮೊನೆ ಹುಳದ ಮೈಯೊಳಗೆ ಮುಚ್ಚಿ, ಕಟ್ಟಿ ಅದೇ ಕಿಂಡಿಗೆ ನಿಧಾನ ಇಳಿಸಿ.

ಸಿಕ್ಕ ಮೀನಿನ ತಲೆ ಮೇಲಿರಬೇಕು. ನಿಲ್ಲಿಸದೆ ಸುತ್ತಿ, ಎಲೆಗಳ ಮೇಲೆ ಜಾರಿಸಿಕೊಂಡು ಬನ್ನಿ. ದಂಟಿನೊಳಗೆ ಹೊಕ್ಕು ಕೂತರೆ ಜಗ್ಗಾಡಬೇಡಿ, ದಾರ ಬಿಗಿ ಹಿಡಿದು ಕಾಯಿರಿ. ಅದಕ್ಕೂ ಗಾಳಿ ಬೇಕು. ಎಷ್ಟೋ ಸಲ ತಾನೇ ಕದಲಿ ಮೇಲೆ ಬಂದಿದೆ. ಬಿಡಿಸೋಕೆ ಅಂತ ನೀರಿಗೆ ಇಳಿಯಬೇಡಿ. ತುಂಗಭದ್ರೆಯಲ್ಲೂ ಸಣಾಪುರ ಕೆರೆಯಲ್ಲೂ ಮೊಸಳೆ ಇವೆ. ಡ್ಯಾಮಿನ ಗೇಟು ತೆಗೆದರೆ ಹೊಳೆ ನೋಡನೋಡುತ್ತಲೇ ಏರುತ್ತದೆ. 2024ರ ಆಗಸ್ಟಿನಲ್ಲಿ 19ನೇ ಗೇಟು ಕೊಚ್ಚಿಹೋದಾಗ ನಮ್ಮ ಕಡೆಯವರೆಲ್ಲ ಆ ನೀರಿನ ಬಲ ನೋಡಿದ್ದೇವೆ.

ಎಲ್ಲಿ ಹಿಡಿಯಬೇಕು ಅನ್ನೋದಕ್ಕಿಂತ ಎಲ್ಲಿ ಬೇಡ ಅನ್ನೋದು ಮೊದಲು. ಮುದ್ಲಾಪುರದಿಂದ ಕಂಪ್ಲಿಯವರೆಗೆ ಹೊಳೆಯ 34 ಕಿಲೋಮೀಟರ್ ನೀರುನಾಯಿಗಳಿಗೆ ಅಂತ 2015ರಲ್ಲಿ ಘೋಷಿಸಿದ ಸಂರಕ್ಷಿತ ಪ್ರದೇಶ. ಅಲ್ಲಿ ರಾಡ್ ಬಿಚ್ಚಬೇಡಿ. ಆ ಮೀನು ಅವುಗಳ ಊಟ. ಊರ ಕೆರೆಗಳನ್ನ ಮೀನು ಸಾಕಣೆಗೆ ಗುತ್ತಿಗೆ ಕೊಟ್ಟಿರುತ್ತಾರೆ. ಗುತ್ತಿಗೆದಾರರನ್ನ ಹೋಗಿ ಕೇಳಿ. ಅವರು ಬಿಟ್ಟ ಕಾಟ್ಲಾ, ರೋಹು ಮರಿಗಳನ್ನ ಕೊರಮೀನು ತಿನ್ನೋದರಿಂದ ‘ಹಿಡೀರಿ ಹಿಡೀರಿ’ ಅಂತ ಖುಷಿಯಿಂದಲೇ ಬಿಡುತ್ತಾರೆ. ಕ್ಯಾಂಪಿನ ಹಿರಿಯರಿಗೆ ‘ಕೊರ್ರಮೀನು’ ಅಂತ ಅವರ ತೆಲುಗಿನಲ್ಲೇ ಕೇಳಿದರೆ ಯಾವ ಹೊಂಡದಲ್ಲಿ ಇದೆ ಅಂತಲೂ ಹೇಳುತ್ತಾರೆ.

ಇನ್ನೊಂದು ಮಾತು ಕೈ ಮುಗಿದು ಕೇಳುತ್ತೇನೆ. ಮಳೆಗಾಲದಲ್ಲಿ ನೀರಿನ ಮೇಲೆ ಕೆಂಪು ಕೆಂಪಾದ ಮರಿಗಳ ಮುದ್ದೆ ಕಾಣುತ್ತದೆ. ಕುಂಕುಮ ಚೆಲ್ಲಿದ ಹಾಗೆ ಒಟ್ಟಿಗೆ ಏಳುತ್ತವೆ, ಒಟ್ಟಿಗೆ ಇಳಿಯುತ್ತವೆ. ಅದರ ಕೆಳಗೇ ಅಪ್ಪ ಅಮ್ಮ ಕಾವಲಿರುತ್ತವೆ. ಕಪ್ಪೆ ಎಸೆದರೆ ಮರಿ ಕಾಯೋಕೆ ಖಂಡಿತ ಹೊಡೆಯುತ್ತವೆ. ಬಹಳ ಸುಲಭದ ಮೀನು. ದೊಡ್ಡದನ್ನ ತೆಗೆದರೆ ಅರ್ಧ ತಾಸಿನಲ್ಲಿ ಜಿಲೇಬಿಗಳು ಬಂದು ಮರಿಗಳನ್ನ ಖಾಲಿ ಮಾಡುತ್ತವೆ. ನಾನು ಒಮ್ಮೆ ದಡದಲ್ಲಿ ನಿಂತು ಅದನ್ನ ಕಣ್ಣಾರೆ ನೋಡಿದ್ದೇನೆ. ಕೆಂಪು ಮುದ್ದೆ ಕಂಡರೆ ರಾಡ್ ಸುತ್ತಿಕೊಂಡು ಮುಂದಿನ ಹೊಂಡಕ್ಕೆ ಹೋಗಿ.

ದಡಕ್ಕೆ ಬಂದ ಮೀನನ್ನ ಒಣ ಮಣ್ಣಲ್ಲಿ ಹೊರಳಾಡಿಸಬೇಡಿ. ಮೈಮೇಲಿನ ಲೋಳೆ ಹೋದರೆ ಹುಣ್ಣಾಗುತ್ತದೆ. ಟವೆಲ್ ಒದ್ದೆ ಮಾಡಿ ಅದರ ಮೇಲೆ ಇಡಿ. ಬೆರಳು ಬಾಯಿಗೆ ಹಾಕದೆ ಪ್ಲಯರ್‌ನಲ್ಲಿ ಗಾಳ ಬಿಡಿಸಿ. ಮನೆಗೆ ಬೇಕಾದ್ದು ಒಂದೋ ಎರಡೋ ಇಟ್ಟುಕೊಳ್ಳಿ, ಒದ್ದೆ ಗೋಣಿಚೀಲದಲ್ಲಿ ಮನೆವರೆಗೂ ಜೀವ ಇರುತ್ತದೆ. ಬಿಡುವ ಮೀನನ್ನ ಎಸೆಯದೆ ಎಲೆಯ ಅಂಚಿಗೆ ತಂದು ಕೈ ಸಡಿಲ ಮಾಡಿ. ಒಂದು ಗಳಿಗೆ ಹಾಗೇ ನಿಂತಿರುತ್ತದೆ, ಗುಳಕ್ ಅಂತ ಒಮ್ಮೆ ಗಾಳಿ ನುಂಗಿ ಇಳಿಯುತ್ತದೆ. ಆಮೇಲೆ ಕಪ್ಪೆ ಹಿಂಡಿ ಒಳಗಿನ ನೀರು ತೆಗೆಯಿರಿ, ಮುಳ್ಳು ಉಗುರಿಗೆ ಉಜ್ಜಿ ಮೊನೆ ನೋಡಿ, ಗಂಟು ಹೊಸದಾಗಿ ಕಟ್ಟಿ. ಮತ್ತೆ ಇಪ್ಪತ್ತು ನಿಮಿಷ ಕೂತುಕೊಳ್ಳಿ.