ರೆಟ್ರೋ ಕೆಟಲ್ ತಗೋಬೇಕಾ ಬೇಡ್ವಾ? ದುಡ್ಡು ಕೊಡೋ ಮುಂಚೆ ಇಷ್ಟು ನೋಡ್ಕೊಳ್ಳಿ

ರೆಟ್ರೋ ಕೆಟಲ್ ಅಂದ್ರೆ ಹಳೇ ಕಾಲದ ಲುಕ್ ಇರೋ ಎಲೆಕ್ಟ್ರಿಕ್ ಕೆಟಲ್: ದುಂಡು ಹೊಟ್ಟೆ, ಕ್ರೀಮ್ ಇಲ್ಲಾ ತಿಳಿ ನೀಲಿ ಬಣ್ಣ, ಪಳಪಳ ಅನ್ನೋ ಕ್ರೋಮ್ ಹ್ಯಾಂಡಲ್ಲು, ಮುಂದೆ ಮುಳ್ಳಿರೋ ಒಂದು ಟೆಂಪರೇಚರ್ ಮೀಟರ್ರು. ಫೋಟೋ ನೋಡಿದ ತಕ್ಷಣ ಬೇಕು ಅನ್ಸತ್ತೆ, ಆಮೇಲೆ ರೇಟ್ ನೋಡಿದ್ರೆ ಅಷ್ಟೇ ನೀರು ಹಿಡಿಯೋ ಸಾದಾ ಸ್ಟೀಲ್ ಕೆಟಲ್‌ಗಿಂತ ಎಷ್ಟೋ ಪಟ್ಟು ಜಾಸ್ತಿ ಇರತ್ತೆ. ತಗೋಬಹುದಾ ಅಂತ ಕೇಳಿದ್ರೆ ನನ್ನ ಉತ್ತರ ಹೌದು, ಆದ್ರೆ ಆ ಎಕ್ಸ್‌ಟ್ರಾ ದುಡ್ಡು ಪೂರ್ತಿ ಹೊರಗಿನ ಚೆಂದಕ್ಕೆ ಹೋಗ್ತಿದೆ ಅಂತ ಗೊತ್ತಿದ್ದು ತಗೋಬೇಕು, ಮತ್ತೆ ಆ ಚೆಂದ ಎಲ್ಲೆಲ್ಲಿ ಕೆಲಸಕ್ಕೆ ಅಡ್ಡ ಬರತ್ತೆ ಅಂತ ಮೊದ್ಲೇ ನೋಡ್ಕೋಬೇಕು. ಅಡ್ಡ ಬರೋದು ನಾಲ್ಕೈದು ಜಾಗದಲ್ಲಿ ಮಾತ್ರ, ಅದನ್ನೇ ಒಂದೊಂದಾಗಿ ಹೇಳ್ತೀನಿ.

ಮೊದ್ಲು ಒಳಗಿನ ವಿಷಯ ಮುಗಿಸಿಬಿಡೋಣ ಯಾಕಂದ್ರೆ ಅದು ಚಿಕ್ಕದು. ನೀರು ಎಷ್ಟು ಬೇಗ ಕುದಿಯತ್ತೆ ಅನ್ನೋದು ವ್ಯಾಟ್ ಮೇಲೆ ನಿಂತಿದೆ, ಬಣ್ಣದ ಮೇಲೂ ಅಲ್ಲ ಬ್ರ್ಯಾಂಡ್ ಮೇಲೂ ಅಲ್ಲ. 25 ಡಿಗ್ರಿ ಇರೋ ಒಂದು ಲೀಟರ್ ನೀರನ್ನ 100ಕ್ಕೆ ತರೋಕೆ ಸುಮಾರು 314 ಕಿಲೋಜೂಲ್ ಬೇಕು, ಅಂದ್ರೆ ಒಂದು ಯೂನಿಟ್ ಕರೆಂಟಿನ ಹತ್ತನೇ ಒಂದು ಭಾಗಕ್ಕೂ ಸ್ವಲ್ಪ ಕಮ್ಮಿ. 3000 ವ್ಯಾಟ್ ಕೆಟಲ್ ಇದನ್ನ ಎರಡು ನಿಮಿಷದ ಆಸುಪಾಸಲ್ಲಿ ಮಾಡತ್ತೆ, 2200 ವ್ಯಾಟ್ ಆದ್ರೆ ಎರಡೂವರೆಯಿಂದ ಮೂರು ನಿಮಿಷ, 1500 ಆದ್ರೆ ನಾಲ್ಕರ ಹತ್ರ. ರೆಟ್ರೋ ಇರ್ಲಿ ಸಾದಾ ಇರ್ಲಿ ಈ ಲೆಕ್ಕ ಬದಲಾಗಲ್ಲ. ಹಾಗಾಗಿ ಜಾಹೀರಾತಲ್ಲಿ 'ಕ್ಷಣದಲ್ಲಿ ಕುದಿಯತ್ತೆ' ಅಂತ ಬರೆದಿದ್ರೆ ಅದನ್ನ ಬಿಟ್ಟಾಕಿ, ತಳದಲ್ಲಿರೋ ಸ್ಟಿಕ್ಕರ್ ಓದಿ.

ಇಲ್ಲೊಂದು ತಮಾಷೆ ಇದೆ. ನೀರು ಕುದ್ದ ತಕ್ಷಣ ಕೆಟಲ್ ತಾನೇ ಆಫ್ ಆಗೋ ಉಪಾಯವನ್ನ ಬ್ರಿಟನ್ನಿನ ಕಂಪನಿ ರಸೆಲ್ ಹಾಬ್ಸ್‌ನೋರು 1955ರಲ್ಲಿ ಕೆ1 ಅನ್ನೋ ಕೆಟಲ್ ಜೊತೆ ತಂದ್ರು. ಮುಚ್ಚಳದ ಹತ್ರ ಒಂದು ತೂತು, ಅದರಿಂದ ಹಬೆ ಹಿಂದಕ್ಕೆ ಹೋಗಿ ಎರಡು ಬೇರೆ ಬೇರೆ ಲೋಹ ಅಂಟಿಸಿದ ಒಂದು ಪಟ್ಟಿಗೆ ತಾಗತ್ತೆ, ಬಿಸಿಗೆ ಒಂದು ಲೋಹ ಜಾಸ್ತಿ ಹಿಗ್ಗತ್ತೆ ಇನ್ನೊಂದು ಕಮ್ಮಿ ಹಿಗ್ಗತ್ತೆ, ಪಟ್ಟಿ ಬಾಗಿ ಸ್ವಿಚ್ ತಳ್ಳತ್ತೆ. ಇವತ್ತಿಗೂ ಬಟನ್ ಒತ್ತಿ ಬಿಡೋ ಮಾಮೂಲಿ ಕೆಟಲ್‌ಗಳಲ್ಲಿ ಇರೋದು ಇದೇ ಐಡಿಯಾನೇ, ಪಟ್ಟಿ ಬದಲು ಟಕ್ ಅಂತ ಮಗುಚಿಕೊಳ್ಳೋ ಸಣ್ಣ ಡಿಸ್ಕ್ ಬಂದಿದೆ ಅಷ್ಟೇ. ಅಂದ್ರೆ ಅಂಗಡೀಲಿ ಸಿಗೋ ತೀರಾ ಅಗ್ಗದ ಪ್ಲಾಸ್ಟಿಕ್ ಕೆಟಲ್ ಒಳಗೂ ಐವತ್ತರ ದಶಕದ ಅಸಲಿ ಮಾಲು ಕೂತಿದೆ, 'ರೆಟ್ರೋ' ಅಂತ ಹೆಸರಿಟ್ಟು ಮಾರೋದು ಮಾತ್ರ ಹೊರಗಿನ ಹೊಸ ಬಣ್ಣವನ್ನ. ರೆಟ್ರೋ ಸಾಮಾನಿಗೆ ಹೆಸರಾದ ಇಟಲಿಯ ಸ್ಮೆಗ್ ಕಂಪನಿ ಥರದ ಲುಕ್ ಇದೆಯಲ್ಲ, ಅದು ಯಾವುದೋ ಹಳೇ ಕೆಟಲ್ ನಕಲೂ ಅಲ್ಲ, ಅವರದೇ ಎಫ್‌ಎಬಿ28 ಅನ್ನೋ ಫ್ರಿಜ್ಜಿಂದ ಶುರುವಾದ ಶೈಲಿ, ಆ ಫ್ರಿಜ್ ಬಂದಿದ್ದು 1997ರಲ್ಲಿ.

ಈ ಹಬೆ ದಾರಿ ಯಾಕೆ ಹೇಳಿದೆ ಅಂದ್ರೆ ನೀವು ಮೊದ್ಲು ನೋಡಬೇಕಾಗಿರೋದೇ ಮುಚ್ಚಳ. ಮುಚ್ಚಳ ತೆಗೆದು ಹ್ಯಾಂಡಲ್ ಕಡೆ ಒಳಗೆ ಇಣುಕಿದ್ರೆ ಸಾಮಾನ್ಯವಾಗಿ ಒಂದು ಸೀಳು ಇಲ್ಲಾ ಸಣ್ಣ ತೂತು ಕಾಣತ್ತೆ, ಕೆಲವದ್ರಲ್ಲಿ ತಳದಿಂದ ಮೇಲಕ್ಕೆ ನಿಂತಿರೋ ಒಂದು ತೆಳ್ಳನೆ ಕೊಳವೆ ಇರತ್ತೆ, ಹಬೆ ಸ್ವಿಚ್ಚಿಗೆ ಹೋಗೋದು ಅಲ್ಲಿಂದ. ಮುಚ್ಚಳ ಸರಿಯಾಗಿ ಕೂರಲಿಲ್ಲ ಅಂದ್ರೆ ಹಬೆ ಮೇಲಿಂದಾನೇ ಹೊರಟು ಹೋಗತ್ತೆ, ಸ್ವಿಚ್ಚಿಗೆ ಸುದ್ದಿ ಮುಟ್ಟಲ್ಲ, ನೀರು ಕುದೀತಾ ಕುದೀತಾ ಇರತ್ತೆ. ಪೂರ್ತಿ ಒಣಗಿದ್ರೆ ತಳದಲ್ಲಿರೋ ಬೇರೆ ಥರ್ಮೋಸ್ಟ್ಯಾಟ್ ಕಟ್ ಮಾಡತ್ತೆ ಅನ್ನೋದು ನಿಜ, ಆದ್ರೆ ಅದು ಕೊನೇ ಕಾವಲು, ದಿನಾ ಅದರ ಮೇಲೆ ಭಾರ ಹಾಕೋ ಹಾಗಿಲ್ಲ. ರೆಟ್ರೋ ಮಾಡೆಲ್‌ಗಳಲ್ಲಿ ಹಳೇ ಕಾಲದ ಥರ ಮೇಲೆ ಗುಂಡಿ ಇಟ್ಟು ಕೈಯಲ್ಲಿ ಎತ್ತೋ ಮುಚ್ಚಳ ಜಾಸ್ತಿ. ನೋಡೋಕೆ ಚೆನ್ನಾಗಿದೆ, ಆದ್ರೆ ಎರಡನೇ ಸಲ ನೀರು ತುಂಬೋವಾಗ ಆ ಗುಂಡಿ ಲೋಹದ್ದಾಗಿದ್ರೆ ಸುಡತ್ತೆ, ಎತ್ತಿದ್ರೆ ಒಳಗಿನ ಹಬೆ ನೇರ ಬೆರಳಿಗೆ ಹೊಡೆಯತ್ತೆ. ಹ್ಯಾಂಡಲ್ ಹತ್ರ ಬಟನ್ ಇದ್ದು ಸ್ಪ್ರಿಂಗಲ್ಲಿ ತೆರೆಯೋದು ಸಿಕ್ಕಿದ್ರೆ ಅದೇ ವಾಸಿ, ಮೆಲ್ಲಗೆ ತೆರೆಯೋದಾದ್ರೆ ಇನ್ನೂ ವಾಸಿ, ಫಟ್ ಅಂತ ತೆರೆದ್ರೆ ಮುಚ್ಚಳದಲ್ಲಿ ಕೂತಿರೋ ಬಿಸಿ ಹನಿ ಎಲ್ಲಾ ಮುಖಕ್ಕೆ. ತೆರೆದಾಗ ಎಷ್ಟು ಅಗಲ ಬಾಯಿ ಸಿಗತ್ತೆ ಅಂತಾನೂ ನೋಡಿ. ತೊಳೆಯೋಕೆ ಕೈ ಒಳಗೆ ಹೋಗದೇ ಇರೋ ಕೆಟಲ್ ಚೆಂದ ಇದ್ದು ಏನು ಪ್ರಯೋಜನ.

ಎರಡನೇದು ನೀರಿನ ಮಟ್ಟ ತೋರಿಸೋ ಕಿಟಕಿ. ಚೆಂದ ಕೆಡತ್ತೆ ಅಂತ ಎಷ್ಟೋ ರೆಟ್ರೋ ಕೆಟಲ್‌ಗಳಲ್ಲಿ ಇದನ್ನ ತೆಗೆದೇ ಬಿಟ್ಟಿರ್ತಾರೆ, ಇಲ್ಲಾ ಹ್ಯಾಂಡಲ್ ಹಿಂದೆ ಬಚ್ಚಿಟ್ಟಿರ್ತಾರೆ. ಬರೀ ಒಳಗಡೆ ಗೆರೆ ಇದ್ರೆ ಪ್ರತಿ ಸಲ ಬಗ್ಗಿ ನೋಡಬೇಕು, ಯಾರೂ ನೋಡಲ್ಲ, ಅಂದಾಜಲ್ಲಿ ಜಾಸ್ತಿ ತುಂಬ್ತಾರೆ. ಕೆಟಲ್‌ನಲ್ಲಿ ಕರೆಂಟ್ ದಂಡ ಆಗೋದು ಮುಖ್ಯವಾಗಿ ಹೀಗೇನೇ, ಒಂದು ಕಪ್ ಬೇಕಾದಾಗ ನಾಲ್ಕು ಕಪ್ ಕುದಿಸೋದು. ಮ್ಯಾಕ್ಸ್ ಗೆರೆ ದಾಟಿದ್ರೆ ಕುದಿಯೋವಾಗ ಮೂತಿಯಿಂದ ನೀರು ಉಗುಳತ್ತೆ ಕೂಡ. ಜೊತೆಗೆ ಕಮ್ಮಿ ಅಂದ್ರೆ ಎಷ್ಟು ತುಂಬಬೇಕು ಅಂತಾನೂ ನೋಡ್ಕೊಳ್ಳಿ, 1.7 ಲೀಟರ್ ಕೆಟಲ್‌ಗಳಲ್ಲಿ ಅದು ಎಷ್ಟೋ ಸಲ ಅರ್ಧ ಲೀಟರ್ ಇರತ್ತೆ, ಒಬ್ಬರೇ ಇರೋರಿಗೆ ಅದೇ ಎರಡು ಕಪ್ ಆಯ್ತು.

ಈಗ ಮೀಟರ್ರಿಗೆ ಬರೋಣ, ರೆಟ್ರೋ ಅಂದ್ರೆ ಎಲ್ಲರ ಕಣ್ಣು ಬೀಳೋದೇ ಇದರ ಮೇಲೆ. ಮೊದ್ಲು ಒಂದು ವಿಷಯ ಸ್ಪಷ್ಟ ಮಾಡ್ಕೊಳ್ಳಿ: ಮೀಟರ್ ಇದೆ ಅಂದ ಮಾತ್ರಕ್ಕೆ ಟೆಂಪರೇಚರ್ ಕಂಟ್ರೋಲ್ ಇದೆ ಅಂತಲ್ಲ. ಮುಳ್ಳು ತೋರಿಸತ್ತೆ, ನಿಲ್ಲಿಸಲ್ಲ. ಗ್ರೀನ್ ಟೀಗೆ 75-80 ಡಿಗ್ರಿ ನೀರು ಬೇಕು ಅಂದ್ರೆ ನೀವು ಎದುರು ನಿಂತು ಮುಳ್ಳು ಅಲ್ಲಿಗೆ ಬಂದಾಗ ಕೈಯಾರೆ ಆಫ್ ಮಾಡಬೇಕು. ಅದೂ ಕರೆಕ್ಟ್ ಇರಲ್ಲ, ಯಾಕಂದ್ರೆ ಅದರ ತುದಿ ತಾಗಿರೋದು ಕೆಟಲ್ ಪಕ್ಕದ ಒಂದೇ ಜಾಗದ ನೀರಿಗೆ, ಒಳಗೆ ಇರೋ ಲೋಹದ ಸುರುಳಿ ಬಿಸಿಯಾಗಿ ಮುಳ್ಳು ತಿರುಗೋಕೆ ಟೈಮ್ ಬೇಕು, ಅಷ್ಟರಲ್ಲಿ ನೀರು ಇನ್ನೂ ಹತ್ತು ಡಿಗ್ರಿ ಮೇಲೆ ಹೋಗಿರಬಹುದು. ನೀರು ಕಮ್ಮಿ ಹಾಕಿದ್ರೆ ಮುಳ್ಳಿನ ಜಾಗದವರೆಗೆ ನೀರೇ ಬರಲ್ಲ, ಆಗ ಅದು ತೋರಿಸೋದು ಹಬೆ ಬಿಸಿ. ಇನ್ನೊಂದು, ನೀವು ಎತ್ತರದ ಜಾಗದಲ್ಲಿದ್ರೆ ಮುಳ್ಳು 100 ಮುಟ್ಟಲ್ಲ, ಗಾಬರಿ ಬೇಡ, ಸುಮಾರು 300 ಮೀಟರ್ ಮೇಲೆ ಹೋದ ಹಾಗೆ ಕುದಿಯೋ ಬಿಂದು ಒಂದು ಡಿಗ್ರಿ ಇಳಿಯತ್ತೆ, 900 ಮೀಟರ್ ಎತ್ತರದಲ್ಲಿ ನೀರು ಕುದಿಯೋದೇ 97ಕ್ಕೆ. ಸ್ವಿಚ್ ಕೆಲಸ ಮಾಡೋದು ಹಬೆ ಮೇಲೆ ಆದ್ರಿಂದ ಅದಕ್ಕೇನೂ ತೊಂದ್ರೆ ಇಲ್ಲ.

ಮೀಟರ್ ಬಗ್ಗೆ ನನ್ನ ನಿಜವಾದ ತಕರಾರು ಬೇರೆ. ಅದನ್ನ ಕೂರಿಸೋಕೆ ಹೆಚ್ಚಿನ ಮಾಡೆಲ್‌ಗಳಲ್ಲಿ ಕೆಟಲ್ ಗೋಡೆಗೆ ತೂತು ಹೊಡೆದಿರ್ತಾರೆ. ಒಳಗಡೆ ಆ ಜಾಗದಲ್ಲಿ ಒಂದು ನಟ್ಟು, ಅದರ ಕೆಳಗೆ ಸಿಲಿಕೋನ್ ವಾಷರ್, ದಿನಾ ಬಿಸಿ ತಣ್ಣಗೆ ಬಿಸಿ ತಣ್ಣಗೆ ಆಗಿ ಆಗಿ ವಾಷರ್ ಗಟ್ಟಿಯಾಗತ್ತೆ, ಆಮೇಲೆ ಸಣ್ಣಗೆ ಜಿನುಗೋಕೆ ಶುರು, ಡಯಲ್ ಗಾಜಿನ ಒಳಗೆ ಮಂಜು ಕಟ್ಟಿದ್ರೆ ಅದೇ ಮೊದಲ ಗುರುತು. ನಟ್ಟಿನ ಸುತ್ತ ಸುಣ್ಣ ಕೂತ್ರೆ ಉಜ್ಜೋದೂ ಕಷ್ಟ. ಹಾಗಂತ ಎಲ್ಲಾನೂ ಸೋರತ್ತೆ ಅಂತಲ್ಲ, ಆದ್ರೆ ಒಂದೇ ದುಡ್ಡಿಗೆ ಮೀಟರ್ ಇರೋದು, ಇಲ್ಲದೇ ಇರೋದು ಎರಡೂ ಸಿಕ್ಕಿದ್ರೆ ನಾನು ಇಲ್ಲದ್ದನ್ನೇ ತಗೋತೀನಿ. ನಿಜವಾಗ್ಲೂ ಟೆಂಪರೇಚರ್ ಬೇಕಿದ್ರೆ ಡಿಗ್ರಿ ಸೆಟ್ ಮಾಡೋ ಬಟನ್ ಇರೋ ಮಾಡೆಲ್ ಹುಡುಕಿ, ರೆಟ್ರೋ ಲುಕ್ಕಲ್ಲೂ ಅಂಥವು ಸಿಗ್ತವೆ.

ಮೂತಿ ಮತ್ತೆ ತೂಕ. ಲೋಹದ ರೆಟ್ರೋ ಕೆಟಲ್ ಖಾಲಿ ಇದ್ದಾಗ್ಲೇ ಒಂದು ಕೇಜಿ ದಾಟೋದುಂಟು, ಅದಕ್ಕೆ 1.7 ಲೀಟರ್ ನೀರು ಸೇರಿದ್ರೆ ಮೂರು ಕೇಜಿ ಹತ್ರ ಹತ್ರ ಬರತ್ತೆ, ಅದನ್ನ ಒಂದೇ ಕೈಯಲ್ಲಿ ಎತ್ತಿ ಓರೆ ಮಾಡಬೇಕು. ಹ್ಯಾಂಡಲ್ ಹೊಟ್ಟೆಗೆ ತೀರಾ ಹತ್ರ ಇದ್ರೆ ಬೆರಳ ಗೆಣ್ಣು ಬಿಸಿ ಲೋಹಕ್ಕೆ ತಾಗತ್ತೆ. ಮನೇಲಿ ವಯಸ್ಸಾದವರಿದ್ರೆ, ಮಣಿಕಟ್ಟು ನೋವಿರೋರಿದ್ರೆ 1 ಲೀಟರಿಂದು ನೋಡಿ, ಚೆಂದಕ್ಕೇನೂ ಕೊರತೆ ಆಗಲ್ಲ. ಮೂತಿ ಚಿಕ್ಕದಾಗಿ ತುದಿ ಚೂಪಾಗಿದ್ರೆ ನೀರು ನೀಟಾಗಿ ಬೀಳತ್ತೆ, ಅಗಲವಾಗಿ ದುಂಡಗೆ ಮಡಿಸಿದ್ರೆ ಸುರಿದು ನಿಲ್ಲಿಸಿದಾಗ ಕೊನೇ ಹನಿ ಹೊಟ್ಟೆ ಮೇಲೆ ಇಳಿದು ಬರತ್ತೆ, ಆ ಹನಿ ಒಣಗಿದ ಗೆರೆ ಬಣ್ಣದ ಮೇಲೆ ಎದ್ದು ಕಾಣತ್ತೆ. ಅಂಗಡೀಲಿ ಇದು ಗೊತ್ತಾಗಲ್ಲ, ತಂದ ಮೇಲೆ ತಣ್ಣೀರಲ್ಲೇ ಒಂದು ಸಲ ಮೆಲ್ಲಗೆ, ಒಂದು ಸಲ ಜೋರಾಗಿ ಸುರಿದು ನೋಡಿ.

ಹೊರಮೈ ಬಗ್ಗೆ ಎರಡೇ ಮಾತು. ಒಂದೇ ಪದರದ ಲೋಹ ಆಗಿದ್ರೆ ಹೊರಗಡೆನೂ ಒಳಗಿನ ನೀರಿನಷ್ಟೇ ಸುಡತ್ತೆ, ಬಣ್ಣ ಬಳಿದಿದ್ದಾರೆ ಅಂತ ತಣ್ಣಗಿರಲ್ಲ, ಪುಟ್ಟ ಮಕ್ಕಳಿರೋ ಮನೆಗೆ ಡಬಲ್ ವಾಲ್ ಇರೋದೇ ತಗೊಳ್ಳಿ, ಸ್ವಲ್ಪ ಹೊತ್ತು ಬಿಸಿನೂ ನಿಲ್ಲತ್ತೆ. ಇನ್ನು ಬಣ್ಣ, ಅದು ಸಿಂಕಿನ ಅಂಚಿಗೆ ತಾಗಿದ್ರೆ ಚಕ್ಕೆ ಏಳತ್ತೆ, ಒರಟು ಸ್ಕ್ರಬ್ಬರ್ ಹಾಕಿದ್ರೆ ಮಂಕಾಗತ್ತೆ, ಕ್ರೋಮ್ ಮೇಲೆ ಬೆರಳಚ್ಚು ಕೂತೇ ಕೂರತ್ತೆ. ದಿನಾ ಒಂದು ಸಲ ಮೆತ್ತನೆ ಬಟ್ಟೆಯಲ್ಲಿ ಒರೆಸೋ ಅಭ್ಯಾಸ ಇಲ್ಲದೋರಿಗೆ ಬ್ರಶ್ಡ್ ಸ್ಟೀಲೇ (ಪಳಪಳ ಅನ್ನದ, ಸಣ್ಣ ಗೆರೆಗಳಿರೋ ಸ್ಟೀಲು) ಸರಿ.

ಬೇರೆ ದೇಶದಿಂದ ತರಿಸೋ ಯೋಚನೆ ಇದ್ರೆ ಇಲ್ಲಿ ಒಂಚೂರು ನಿಲ್ಲಿ. ಚೆಂದದ ಬಣ್ಣ ಅಲ್ಲಿ ಮಾತ್ರ ಸಿಗತ್ತೆ ಅಂತ ಜನ ತರಿಸ್ತಾರೆ, ವೋಲ್ಟೇಜ್ ನೋಡಲ್ಲ. 120 ವೋಲ್ಟಿಗೆ ಮಾಡಿದ 1500 ವ್ಯಾಟ್ ಕೆಟಲನ್ನ 230 ವೋಲ್ಟಿಗೆ ಚುಚ್ಚಿದ್ರೆ ಅದು ಲೆಕ್ಕದ ಪ್ರಕಾರ 5500 ವ್ಯಾಟ್ ಎಳೆಯೋಕೆ ನೋಡತ್ತೆ, ಅಂದ್ರೆ ಎಲಿಮೆಂಟ್ ಸುಟ್ಟು ಹೋಗತ್ತೆ, ಪುಣ್ಯ ಇದ್ರೆ ಬರೀ ಫ್ಯೂಸ್ ಹೋಗತ್ತೆ. ಉಲ್ಟಾ ಆದ್ರೆ ಅಪಾಯ ಇಲ್ಲ, ಆದ್ರೆ 2200 ವ್ಯಾಟಿಂದು ಬರೀ 600 ವ್ಯಾಟಲ್ಲಿ ಓಡತ್ತೆ, ಕಾದು ಕಾದು ಸಾಕಾಗತ್ತೆ. ಪ್ಲಗ್ ಅಡಾಪ್ಟರ್ ಪಿನ್ ಆಕಾರ ಬದಲಿಸತ್ತೆ, ವೋಲ್ಟೇಜ್ ಬದಲಿಸಲ್ಲ. ನಿಮ್ಮ ವೋಲ್ಟೇಜಿಂದೇ ತಗೊಂಡ್ರೂ ಸಾಕೆಟ್ ನೋಡಿ: 230 ವೋಲ್ಟಲ್ಲಿ 2200 ವ್ಯಾಟ್ ಅಂದ್ರೆ ಒಂಬತ್ತೂವರೆ ಆಂಪ್, 3000 ವ್ಯಾಟ್ ಅಂದ್ರೆ 13 ಆಂಪ್, ಸಣ್ಣ ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕೋ ಸಾಮಾನಲ್ಲ ಇದು.

ಹಾಗಾದ್ರೆ ಯಾರು ತಗೋಬೇಕು? ಕೆಟಲ್ ದಿನಕ್ಕೆ ಹತ್ತು ನಿಮಿಷ ಕೆಲಸ ಮಾಡತ್ತೆ, ಉಳಿದ ಹೊತ್ತೆಲ್ಲಾ ಅಡುಗೆಮನೆ ಕಟ್ಟೆ ಮೇಲೆ ಕಣ್ಣೆದುರೇ ಕೂತಿರತ್ತೆ. ಅದಕ್ಕೇ ಚೆಂದಕ್ಕೆ ದುಡ್ಡು ಕೊಡೋದು ತಪ್ಪು ಅಂತ ನಾನು ಅನ್ನಲ್ಲ, ಮಿಕ್ಸರನ್ನಾದ್ರೆ ಕಪಾಟಲ್ಲಿ ಇಡ್ತೀರಿ, ಇದನ್ನ ಇಡಲ್ಲ. ಕಟ್ಟೆ ಮೇಲೆ ಇಡೋಕೆ ಜಾಗ ಇದ್ದು, ಮುಚ್ಚಳ ಮೂತಿ ಹ್ಯಾಂಡಲ್ ಮೂರೂ ಪಾಸ್ ಆದ್ರೆ ಖುಷಿಯಾಗಿ ತಗೊಳ್ಳಿ. ಹಾಸ್ಟೆಲ್ ರೂಮಿಗೆ, ಆಫೀಸಲ್ಲಿ ಹತ್ತು ಕೈ ಬದಲಾಗೋ ಕಡೆಗೆ, ನೀರಲ್ಲಿ ಸುಣ್ಣ ಜಾಸ್ತಿ ಇದ್ದು ಎರಡು ವರ್ಷಕ್ಕೆ ಕೆಟಲ್ ಬದಲಿಸೋ ಮನೆಗೆ ಬೇಡ. ದೊಡ್ಡ ಬ್ರ್ಯಾಂಡ್ ಆದ್ರೂ ಫಿಲ್ಟರ್ ಜಾಲರಿ, ಮುಚ್ಚಳ, ತಳದ ಬೇಸ್ ಬಿಡಿಯಾಗಿ ಸಿಗತ್ತಾ ಅಂತ ಮೊದ್ಲೇ ಕೇಳಿ, ಮುಚ್ಚಳದ ಹಿಂಜ್ ಮುರಿದ್ರೆ ಅಷ್ಟು ದುಡ್ಡಿನ ಕೆಟಲ್ ಷೋಪೀಸ್ ಆಗತ್ತೆ. ಲುಕ್ ಬೇಕು, ಬಜೆಟ್ ಇಲ್ಲ ಅನ್ನೋರು ಕಮ್ಮಿ ರೇಟಿನ ರೆಟ್ರೋ ಮಾಡೆಲ್‌ಗಳಲ್ಲಿ ಕಂಟ್ರೋಲ್, ಅಂದ್ರೆ ಆನ್-ಆಫ್ ಮಾಡೋ ಭಾಗ, ಯಾವ ಕಂಪನೀದು ಅಂತ ನೋಡಿ. ತಳದ ಸ್ವಿಚ್ಚು ಕನೆಕ್ಟರ್ರು ಮಾಡೋ ಸ್ಟ್ರಿಕ್ಸ್, ಆಟರ್ ಅನ್ನೋ ಕಂಪನಿಗಳ ಭಾಗ ಹಾಕಿದ್ರೆ ಮಾರೋರು ಸಾಮಾನ್ಯವಾಗಿ ಹೇಳ್ಕೊಂಡಿರ್ತಾರೆ, ಅದು ಒಳ್ಳೇ ಲಕ್ಷಣ.

ತಂದ ಮೇಲೆ ರಿಟರ್ನ್ ಮಾಡೋ ಅವಧಿ ಮುಗಿಯೋದ್ರೊಳಗೆ ಹೀಗೆ ಮಾಡಿ. ಮ್ಯಾಕ್ಸ್ ಗೆರೆವರೆಗೆ ತುಂಬಿ ಕುದಿಸಿ ಚೆಲ್ಲಿ, ಎರಡು ಮೂರು ಸಲ, ಹೊಸ ವಾಸನೆ ಅಷ್ಟರಲ್ಲಿ ಹೋಗಬೇಕು, ಆಮೇಲೂ ಪ್ಲಾಸ್ಟಿಕ್ ವಾಸನೆ ನೀರಲ್ಲಿ ಉಳಿದ್ರೆ ಮುಚ್ಚಳದ ಒಳಭಾಗ ಮೂಸಿ ನೋಡಿ, ಹೊರಗೆ ಪೂರ್ತಿ ಲೋಹ ಇದ್ರೂ ಅಲ್ಲಿ ಪ್ಲಾಸ್ಟಿಕ್ ಇರೋದು ಮಾಮೂಲು. ಕುದಿ ಬಂದು ಎಷ್ಟು ಹೊತ್ತಿಗೆ ಆಫ್ ಆಗತ್ತೆ ಅಂತ ನಿಂತು ನೋಡಿ, ಜೋರು ಕುದಿ ಅರ್ಧ ನಿಮಿಷ ದಾಟಿದ್ರೂ ಆಫ್ ಆಗ್ಲಿಲ್ಲ ಅಂದ್ರೆ ಮುಚ್ಚಳ ಅಮುಕಿ ಇನ್ನೊಂದು ಸಲ ನೋಡಿ, ಆಗ್ಲೂ ಹಾಗೇ ಅಂದ್ರೆ ವಾಪಸ್. ರಾತ್ರಿ ನೀರು ತುಂಬಿ ಒಂದು ಒಣ ಪೇಪರ್ ಮೇಲೆ ಇಟ್ಟು ಮಲಗಿ, ಬೆಳಿಗ್ಗೆ ಪೇಪರಲ್ಲಿ ಉಂಗುರದ ಥರ ಒದ್ದೆ ಕಂಡ್ರೆ ಆವಾಗ್ಲೂ ವಾಪಸ್. ಡಬ್ಬ ಅಲ್ಲಿವರೆಗೆ ಎಸೀಬೇಡಿ.