ಬಾಸ್ ಗಾಳದ ಕೋಲಿಗೆ ಬ್ಲ್ಯಾಂಕ್ ಆರಿಸುವ ಬಗೆ

ಅಮೆರಿಕದ ಕೆರೆಗಳಲ್ಲಿ ಲಾರ್ಜ್‌ಮೌತ್ ಬಾಸ್ ಹಿಡಿಯಲು ಗಾಳದ ಕೋಲನ್ನು ಸ್ವತಃ ಕಟ್ಟಿಕೊಳ್ಳುವವರು, ಹಿಡಿ, ರೀಲ್ ಸೀಟ್, ದಾರದ ಉಂಗುರಗಳು ಯಾವುದೂ ಇಲ್ಲದ ಬರಿಯ ಕೋಲನ್ನು, ಅಂದರೆ ಬ್ಲ್ಯಾಂಕನ್ನು, ಕೊಳ್ಳುವ ಮೊದಲು ಯಾವ ಕೃತಕ ಎರೆ ಬಳಸುತ್ತೇವೆಂಬುದನ್ನು ನಿರ್ಧರಿಸಬೇಕು.

ಜಿಗ್ಗನ್ನೋ (ಕೊಕ್ಕೆಯ ತಲೆಗೆ ಲೋಹದ ತೂಕ ಸೇರಿಸಿದ ಎರೆ) ಪ್ಲಾಸ್ಟಿಕ್ ಹುಳುವನ್ನೋ ಜೊಂಡಿನ ನಡುವೆ ಎಳೆಯುವುದಾದರೆ 7 ಅಡಿಯ, ಮೀಡಿಯಂ ಹೆವಿ ಪವರ್‌ನ (ಪವರ್ ಎಂದರೆ ಕೋಲಿನ ಬಿಗಿತ), ಫಾಸ್ಟ್ ಆಕ್ಷನ್‌ನ (ಆಕ್ಷನ್ ಎಂದರೆ ಕೋಲು ಎಲ್ಲಿ ಬಾಗುತ್ತದೆಂಬುದು) ಕಾರ್ಬನ್ ಬ್ಲ್ಯಾಂಕ್ ಸೂಕ್ತ. ಅದು ಮುಖ್ಯವಾಗಿ ತುದಿಯ ಭಾಗದಲ್ಲಿ ಬಾಗುವುದರಿಂದ, ದಪ್ಪನೆಯ ಒಂಟಿ ಕೊಕ್ಕೆ ಮೀನಿನ ಗಟ್ಟಿ ದವಡೆಗೆ ಥಟ್ಟನೆ ಇಳಿಯುತ್ತದೆ. ಕ್ರ್ಯಾಂಕ್‌ಬೈಟ್‌ಗೆ (ಎಳೆದಾಗ ನೀರಿನಲ್ಲಿ ಓಲಾಡುತ್ತ ಈಜುವ, ಮೀನಿನಾಕಾರದ ಗಟ್ಟಿ ಎರೆ) ಇದೇ ಕೋಲು ಬೇಡವೆಂಬುದು ನನ್ನ ಖಚಿತ ಅಭಿಪ್ರಾಯ. ಅದರ ಸಣ್ಣ ಮೂರುಮುಳ್ಳಿನ ಕೊಕ್ಕೆಗಳು ಬಿಗಿ ಎಳೆತಕ್ಕೆ ಮೀನಿನ ಬಾಯಿಂದ ಕಿತ್ತುಬರುವುದುಂಟು. ನಡುವಿನವರೆಗೂ ಬಳುಕುವ ಮಾಡರೇಟ್ ಆಕ್ಷನ್‌ನ ಫೈಬರ್‌ಗ್ಲಾಸ್ ಬ್ಲ್ಯಾಂಕ್, ತೂಕ ತುಸು ಹೆಚ್ಚಾದರೂ, ಅಲ್ಲಿ ಮೇಲು.

ಪವರ್‌ನ ಹೆಸರುಗಳು ತಯಾರಕರಿಂದ ತಯಾರಕರಿಗೆ ಬದಲಾಗುವುದರಿಂದ, ನಮೂದಿಸಿರುವ ಎರೆಯ ತೂಕ ಮತ್ತು ದಾರದ ಬಲವನ್ನೇ ನಂಬಿ. ಹೆಚ್ಚಿನ ಮಾಡ್ಯುಲಸ್‌ನ, ಅಂದರೆ ಹೆಚ್ಚು ಬಿಗಿಯಾದ ನಾರಿನ, ಕಾರ್ಬನ್ ಹಗುರ, ಮೀನು ಕಚ್ಚಿದ್ದನ್ನು ಕೈಗೆ ಬೇಗ ತಿಳಿಸುವಷ್ಟು ಸೂಕ್ಷ್ಮ. ಆದರೆ ದೋಣಿಯ ಅಂಚಿಗೆ ಬಡಿದರೆ ಬಿರುಕು ಬಿಡುವ ಸಂಭವ ಹೆಚ್ಚು.

ಬ್ಲ್ಯಾಂಕ್ ಕೈಗೆ ಬಂದ ಮೇಲೆ ಬುಡವನ್ನು ಕಣ್ಣಿನ ಮಟ್ಟಕ್ಕೆ ಹಿಡಿದು, ತುದಿಯತ್ತ ದೃಷ್ಟಿ ನೆಟ್ಟು ನಿಧಾನವಾಗಿ ತಿರುಗಿಸಿ. ಅಲ್ಪ ಡೊಂಕು ಸಾಮಾನ್ಯವೇ; ಅದು ಪಕ್ಕಕ್ಕೆ ವಾಲದೆ ಮೇಲಕ್ಕೋ ಕೆಳಕ್ಕೋ ಬರುವಂತೆ ಗುರುತು ಹಾಕಿಕೊಂಡು, ಅದೇ ಗೆರೆಯಲ್ಲಿ ಉಂಗುರಗಳನ್ನು ಕಟ್ಟಿ.