ಸಮೀಕ್ಷೆಗೆ ಹೊರಡುವ ಮುನ್ನ: ಸಮಾಜ ವಿಜ್ಞಾನ ಸಂಶೋಧನೆಯ ಮೂಲ ಪರಿಕಲ್ಪನೆಗಳು

ಸಮಾಜ ವಿಜ್ಞಾನದಲ್ಲಿ ಮೊದಲ ಬಾರಿಗೆ ಸಂಶೋಧನೆ ಕೈಗೊಳ್ಳುವವರು ಸಾಮಾನ್ಯವಾಗಿ ಪ್ರಶ್ನಾವಳಿಯಿಂದ ಕೆಲಸ ಆರಂಭಿಸುತ್ತಾರೆ. ಉತ್ತರಗಳೆಲ್ಲ ಬಂದು ಸೇರಿದ ಮೇಲೆ ಯಾವ ಸಂಖ್ಯಾಶಾಸ್ತ್ರೀಯ ಪರೀಕ್ಷೆ ಬಳಸಬೇಕೆಂದು ಹುಡುಕತೊಡಗುತ್ತಾರೆ. ಈ ಕ್ರಮ ತಲೆಕೆಳಗಾದದ್ದು. ಏನನ್ನು ಕೇಳುತ್ತಿದ್ದೇವೆ, ಅದನ್ನು ಹೇಗೆ ಅಳೆಯುತ್ತೇವೆ, ಯಾರನ್ನು ಕೇಳುತ್ತೇವೆ ಎಂಬುದು ದತ್ತಾಂಶ ಸಂಗ್ರಹಕ್ಕೆ ಮೊದಲೇ ನಿರ್ಧಾರವಾಗಿರಬೇಕು, ಏಕೆಂದರೆ ಇಲ್ಲಿ ಆದ ತಪ್ಪನ್ನು ಮುಂದೆ ಯಾವ ಸೂತ್ರವೂ ಪೂರ್ತಿಯಾಗಿ ಸರಿಪಡಿಸಲಾರದು.

ಮೊದಲು ವಿಷಯವನ್ನು ಪ್ರಶ್ನೆಯಾಗಿಸಿಕೊಳ್ಳಿ. ‘ವಿದ್ಯಾರ್ಥಿಗಳು ಮತ್ತು ಮೊಬೈಲ್’ ಎಂಬುದು ವಿಷಯ. ‘ರಾತ್ರಿ ಹೆಚ್ಚು ಹೊತ್ತು ಮೊಬೈಲ್ ನೋಡುವ ಪದವಿ ವಿದ್ಯಾರ್ಥಿಗಳು ಉಳಿದವರಿಗಿಂತ ಕಡಿಮೆ ನಿದ್ರಿಸುತ್ತಾರೆಯೇ?’ ಎಂಬುದು ಪ್ರಶ್ನೆ. ವ್ಯಕ್ತಿಯಿಂದ ವ್ಯಕ್ತಿಗೆ ಬದಲಾಗುವ ಸಂಗತಿಯೇ ಚರಾಂಶ. ಇಲ್ಲಿ ಪ್ರಭಾವ ಬೀರಬಹುದೆಂದು ಊಹಿಸಿರುವ ಮೊಬೈಲ್ ಬಳಕೆ ಸ್ವತಂತ್ರ ಚರಾಂಶ, ಆ ಪ್ರಭಾವಕ್ಕೆ ಒಳಗಾಗಬಹುದಾದ ನಿದ್ದೆಯ ಅವಧಿ ಅವಲಂಬಿತ ಚರಾಂಶ. ಇವೆರಡನ್ನೂ ಅಳೆಯಲು ಬರುವಂತೆ ವ್ಯಾಖ್ಯಾನಿಸಬೇಕು: ರಾತ್ರಿ ಎಂದರೆ ಎಷ್ಟು ಗಂಟೆಯ ನಂತರ? ನಿದ್ದೆಯ ಅವಧಿಯನ್ನು ನೆನಪಿನಿಂದ ಹೇಳಿಸುತ್ತೀರೋ, ಒಂದು ವಾರ ಪ್ರತಿದಿನ ಬರೆಸುತ್ತೀರೋ? ಮತ್ತೆ ಅಳೆದರೂ ಹೆಚ್ಚುಕಡಿಮೆ ಅದೇ ಉತ್ತರ ಬಂದರೆ ಅಳತೆಗೆ ವಿಶ್ವಾಸಾರ್ಹತೆ ಇದೆ ಎನ್ನುತ್ತೇವೆ. ಅಳೆಯಬೇಕಾದುದನ್ನೇ ಅಳೆಯುತ್ತಿದ್ದರೆ ಅದಕ್ಕೆ ಸಿಂಧುತ್ವ ಇದೆ ಎನ್ನುತ್ತೇವೆ. ಮೊದಲನೆಯದು ಇದ್ದ ಮಾತ್ರಕ್ಕೆ ಎರಡನೆಯದೂ ಇರುತ್ತದೆಂದು ತಿಳಿಯಬಾರದು.

ಪ್ರಶ್ನಾವಳಿಯ ಒಂದೊಂದು ವಾಕ್ಯವನ್ನೂ ಬಿಡಿಸಿ ನೋಡಿ. ‘ರಾತ್ರಿ ಮೊಬೈಲ್ ನೋಡುವುದರಿಂದ ನಿಮ್ಮ ನಿದ್ದೆ ಮತ್ತು ಓದು ಕೆಡುತ್ತಿದೆಯಲ್ಲವೇ?’ ಎಂಬ ಪ್ರಶ್ನೆಯಲ್ಲಿ ಮೂರು ದೋಷಗಳಿವೆ. ನಿದ್ದೆ, ಓದು ಎಂಬ ಎರಡು ಸಂಗತಿಗಳು ಒಂದರಲ್ಲೇ ಸೇರಿವೆ. ಕಾರಣ ಯಾವುದೆಂದು ನಾವೇ ತೀರ್ಮಾನಿಸಿಬಿಟ್ಟಿದ್ದೇವೆ. ‘ಅಲ್ಲವೇ’ ಎಂಬ ಮಾತು ಹೌದು ಎನ್ನುವಂತೆ ಒತ್ತಾಯಿಸುತ್ತದೆ. ‘ನಿನ್ನೆ ರಾತ್ರಿ ಎಷ್ಟು ಗಂಟೆಗೆ ಮಲಗಿದಿರಿ?’ ಎಂದು ಕೇಳಿದರೆ ಉತ್ತರಿಸುವವರಿಗೂ ಸುಲಭ, ವಿಶ್ಲೇಷಿಸುವವರಿಗೂ ಸುಲಭ.

ಇನ್ನು ಯಾರನ್ನು ಕೇಳಬೇಕು ಎಂಬ ವಿಚಾರ. ನನ್ನ ಅಭಿಪ್ರಾಯದಲ್ಲಿ ಅತಿ ಹೆಚ್ಚು ಎಚ್ಚರ ಬೇಕಾಗುವುದು ಇಲ್ಲಿಯೇ. ಯಾರ ಬಗ್ಗೆ ತೀರ್ಮಾನ ಹೇಳಲು ಹೊರಟಿದ್ದೇವೆಯೋ ಆ ಇಡೀ ಗುಂಪು ಸಮಷ್ಟಿ. ಅದರಿಂದ ಆರಿಸಿಕೊಂಡ ಭಾಗ ಮಾದರಿ. ಮಾದರಿ ದೊಡ್ಡದಾದಷ್ಟೂ ಫಲಿತಾಂಶ ನಿಖರವೆಂಬ ನಂಬಿಕೆ ಅರ್ಧ ಸತ್ಯ. 1936ರ ಅಮೆರಿಕ ಅಧ್ಯಕ್ಷೀಯ ಚುನಾವಣೆಗೆ ಮೊದಲು ‘ಲಿಟರರಿ ಡೈಜೆಸ್ಟ್’ ಪತ್ರಿಕೆ ಸುಮಾರು ಒಂದು ಕೋಟಿ ಜನರಿಗೆ ಮತಪತ್ರ ಕಳುಹಿಸಿ, ಹಿಂತಿರುಗಿ ಬಂದ 20 ಲಕ್ಷಕ್ಕೂ ಹೆಚ್ಚು ಉತ್ತರಗಳ ಆಧಾರದ ಮೇಲೆ ರಿಪಬ್ಲಿಕನ್ ಪಕ್ಷದ ಅಭ್ಯರ್ಥಿ ಲ್ಯಾಂಡನ್ ಗೆಲ್ಲುವರೆಂದು ಸಾರಿತು. ಗೆದ್ದದ್ದು ಆಗಿನ ಅಧ್ಯಕ್ಷ ರೂಸ್‌ವೆಲ್ಟ್, ಅದೂ ಶೇ. 60ಕ್ಕೂ ಹೆಚ್ಚು ಮತ ಪಡೆದು. ವಿಳಾಸಗಳನ್ನು ದೂರವಾಣಿ ಮತ್ತು ಕಾರು ಮಾಲೀಕರ ಪಟ್ಟಿಗಳಂಥವುಗಳಿಂದ ತೆಗೆದದ್ದರಿಂದ ಉಳ್ಳವರ ಪಾಲು ಹೆಚ್ಚಾಗಿತ್ತು. ಜೊತೆಗೆ ಉತ್ತರಿಸಿದವರ ಒಲವಿಗೂ ಉತ್ತರಿಸದವರ ಒಲವಿಗೂ ವ್ಯತ್ಯಾಸವಿತ್ತು. ಆದ್ದರಿಂದ ಸಾಧ್ಯವಿದ್ದಲ್ಲೆಲ್ಲ ಯಾದೃಚ್ಛಿಕವಾಗಿ, ಅಂದರೆ ಪಟ್ಟಿಯ ಪ್ರತಿಯೊಬ್ಬರಿಗೂ ಆಯ್ಕೆಯಾಗುವ ಸಮಾನ ಅವಕಾಶ ಇರುವಂತೆ, ಲಾಟರಿ ಎತ್ತಿದ ಹಾಗೆ ಮಾದರಿಯನ್ನು ಆರಿಸಿ. ಹೀಗೆ ಆರಿಸಿದ 1,000 ಜನರ ಸಮೀಕ್ಷೆಯಲ್ಲಿ ಶೇಕಡಾವಾರು ಅಂದಾಜಿನ ದೋಷಮಿತಿ, ಶೇ. 95ರ ವಿಶ್ವಾಸಮಟ್ಟದಲ್ಲಿ, ಹೆಚ್ಚೆಂದರೆ ಸುಮಾರು 3 ಶೇಕಡಾ ಅಂಶ. ಅಂದರೆ ಇಂಥ 100 ಸಮೀಕ್ಷೆಗಳನ್ನು ನಡೆಸಿದರೆ ಸುಮಾರು 95ರಲ್ಲಿ ಅಂದಾಜು ಸಮಷ್ಟಿಯ ನಿಜವಾದ ಶೇಕಡಾವಾರಿನಿಂದ ಇದಕ್ಕಿಂತ ಹೆಚ್ಚು ದೂರ ಹೋಗುವುದಿಲ್ಲ. ದೋಷಮಿತಿಯನ್ನು ಅರ್ಧಕ್ಕಿಳಿಸಬೇಕಾದರೆ ಮಾದರಿಯನ್ನು ನಾಲ್ಕು ಪಟ್ಟು ಹೆಚ್ಚಿಸಬೇಕು. ಪರಿಚಯಸ್ಥರಿಗೆ ಮಾತ್ರ ಲಿಂಕ್ ಕಳುಹಿಸಿ ಪಡೆದ ಉತ್ತರಗಳಿಗೆ ಈ ಲೆಕ್ಕ ಅನ್ವಯಿಸುವುದಿಲ್ಲ.

ದತ್ತಾಂಶ ಕೈಸೇರಿದ ಮೇಲೆ ಮೊದಲು ಅದನ್ನು ಸುಮ್ಮನೆ ನೋಡಿ. ಐವರು ದಿನಕ್ಕೆ 1, 2, 2, 3, 12 ಗಂಟೆ ಮೊಬೈಲ್ ನೋಡುತ್ತಾರೆ ಎಂದುಕೊಳ್ಳಿ: ಸರಾಸರಿ 4 ಗಂಟೆ, ಮಧ್ಯಾಂಕ, ಅಂದರೆ ಏರಿಕೆಯ ಕ್ರಮದಲ್ಲಿ ಇಟ್ಟಾಗ ನಡುವೆ ಬರುವ ಸಂಖ್ಯೆ, 2 ಗಂಟೆ. ಐವರಲ್ಲಿ ನಾಲ್ವರು ಸರಾಸರಿಗಿಂತ ಕೆಳಗಿರುವಾಗ ಸರಾಸರಿಯನ್ನು ಮಾತ್ರ ವರದಿ ಮಾಡಿದರೆ ಓದುಗರಿಗೆ ತಪ್ಪು ಚಿತ್ರ ಸಿಗುತ್ತದೆ. ಚದುರುವಿಕೆಯನ್ನು ಹೇಳುವ ಮಾನಕ ವಿಚಲನೆಯನ್ನೂ ಜೊತೆಗೆ ಕೊಡಿ.

ಮೊಬೈಲ್ ಬಳಕೆ ಹೆಚ್ಚಿದಂತೆ ನಿದ್ದೆ ಕಡಿಮೆಯಾಗಿರುವುದು ಕಂಡರೆ ಅದು ಸಹಸಂಬಂಧ, ಅಂದರೆ ಎರಡೂ ಒಟ್ಟಿಗೆ ಬದಲಾಗುವುದು, ಮಾತ್ರ. ನಿದ್ದೆ ಬಾರದವರೇ ಮೊಬೈಲ್ ಹಿಡಿದಿರಬಹುದು, ಅಥವಾ ಪರೀಕ್ಷೆಯ ಆತಂಕ ಎರಡಕ್ಕೂ ಕಾರಣವಾಗಿರಬಹುದು. ‘ಇದರಿಂದಲೇ ಅದು ಆಯಿತು’ ಎನ್ನಲು ಪ್ರಯೋಗವೋ, ಇತರ ಕಾರಣಗಳನ್ನು ಬೇರ್ಪಡಿಸುವ ವಿನ್ಯಾಸವೋ ಬೇಕು.

ಕೊನೆಯದಾಗಿ ಪಿ-ಮೌಲ್ಯ. ಎರಡು ಚರಾಂಶಗಳ ನಡುವೆ ಸಂಬಂಧವೇ ಇಲ್ಲ ಎಂಬ ಶೂನ್ಯ ಪ್ರಾಕ್ಕಲ್ಪನೆ (ಪರೀಕ್ಷೆಗೆ ಒಡ್ಡುವ ಊಹೆಯೇ ಪ್ರಾಕ್ಕಲ್ಪನೆ) ನಿಜವಾಗಿದ್ದರೆ, ನಮಗೆ ಕಂಡಷ್ಟು ಅಥವಾ ಅದಕ್ಕೂ ಹೆಚ್ಚಿನ ಸಂಬಂಧ ಆಕಸ್ಮಿಕವಾಗಿ ಕಾಣಿಸಿಕೊಳ್ಳುವ ಸಂಭವನೀಯತೆಯೇ ಅದು. ನಮ್ಮ ಪ್ರಾಕ್ಕಲ್ಪನೆ ಸರಿಯಾಗಿರುವ ಸಂಭವನೀಯತೆ ಅಲ್ಲ. ಅದು 0.05ಕ್ಕಿಂತ ಕಡಿಮೆ ಇದ್ದರೆ ಫಲಿತಾಂಶವನ್ನು ಸಂಖ್ಯಾಶಾಸ್ತ್ರದ ಅರ್ಥದಲ್ಲಿ ಸಾರ್ಥಕವೆಂದು ಕರೆಯುವುದು ರೂಢಿ, ಆದರೆ ಸಂಬಂಧ ಎಷ್ಟು ಪ್ರಬಲ ಎಂಬುದನ್ನು ಪಿ-ಮೌಲ್ಯ ಹೇಳುವುದಿಲ್ಲ. ಯಾವ ಸಂಬಂಧವೂ ಇಲ್ಲದ 20 ಜೋಡಿಗಳನ್ನು ಪರೀಕ್ಷಿಸಿದರೂ ಸರಾಸರಿ ಒಂದು ಜೋಡಿ ಈ ಗೆರೆಯನ್ನು ದಾಟಿಬಿಡುತ್ತದೆ. ಹಾಗಾಗಿ ಪರೀಕ್ಷಿಸಬೇಕಾದ ಪ್ರಾಕ್ಕಲ್ಪನೆಯನ್ನು ದತ್ತಾಂಶ ನೋಡುವ ಮೊದಲೇ ಬರೆದಿಟ್ಟುಕೊಳ್ಳಿ. ನಂತರ ಕಣ್ಣಿಗೆ ಬಿದ್ದ ಸಂಬಂಧಗಳನ್ನು ವರದಿಯಲ್ಲಿ ಪ್ರತ್ಯೇಕವಾಗಿಟ್ಟು, ಅವು ಹೊಸ ಮಾದರಿಯಲ್ಲಿ ಪರೀಕ್ಷೆಗೆ ಒಳಗಾಗಬೇಕಾದವು ಎಂದು ಸ್ಪಷ್ಟವಾಗಿ ನಮೂದಿಸಿ.